ಬಸುರಿಯ ಬಯಕೆಯೂ ಸಕ್ಕರೆಯ ಲೆಕ್ಕವೂ

ಬಸುರಿ ಹೆಂಗಸು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಬಾರದೆಂಬುದು ನಮ್ಮಲ್ಲಿ ಬಲು ಹಳೆಯ ಮಾತು. ನಾಲ್ಕನೆಯ ತಿಂಗಳಿಗೆ ಗರ್ಭದ ಹೃದಯ ಪ್ರಕಟವಾಗುತ್ತದೆ, ಆಗ ತಾಯಿ ಎರಡು ಹೃದಯದವಳಾಗುತ್ತಾಳೆ, ಆದುದರಿಂದ ಅವಳ ಆಸೆಯನ್ನು ಕಡೆಗಣಿಸಬಾರದು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ದ್ವಿಹೃದಯದಿಂದ ದೌಹೃದವೆಂಬ ಮಾತು ಹುಟ್ಟಿತೆಂದು ವೈದ್ಯಶಾಸ್ತ್ರದವರ ವಿವರಣೆ. ಅದಕ್ಕೆ ಸಂಬಂಧಿಸಿದ ದೋಹಳವೆಂಬ ಮಾತನ್ನು ಕವಿಗಳು ಗಿಡಮರಗಳಿಗೂ ಹಚ್ಚಿ, ಹೆಣ್ಣಿನ ಪಾದ ತಾಗಿದ ಹೊರತು ಅಶೋಕ ಹೂಬಿಡದೆಂದು ಬರೆದುಬಿಟ್ಟರು. ಇಷ್ಟೆಲ್ಲ ಪಾಂಡಿತ್ಯವನ್ನು ನಮ್ಮ ಜನ ಒಂದು ಸಣ್ಣ ಕನ್ನಡ ಮಾತಿನಲ್ಲಿ ಮುಗಿಸಿದ್ದಾರೆ: ಬಯಕೆ.

ಶಿರಸಿ ಸೀಮೆಯಲ್ಲಿ ಈ ಬಯಕೆ ತೀರಿಸುವುದೆಂದರೆ ಏನೆಂಬುದನ್ನು ಕಂಡವರು ಬಲ್ಲರು. ಹುಲಗೋಳದಂಥ ಊರನ್ನು ತೆಗೆದುಕೊಳ್ಳಿ. ಅಡಿಕೆ ತೋಟದ ಕಣಿವೆ, ಅದರ ಮೇಲಂಚಿಗೆ ಒಂದೊಂದೇ ಮನೆ. ಪ್ರತಿ ಮನೆಯ ಅಟ್ಟದಲ್ಲಿಯೂ ಡಬ್ಬಿಯಲ್ಲಿ ಜೋನಿಬೆಲ್ಲ. ಆಲೆಮನೆಯ ಕಾಲದಲ್ಲಿ ತೊಡೆದೇವು, ಹಲಸಿನ ಕಾಲದಲ್ಲಿ ಕಡುಬು, ಯಾರ ಮನೆಗೆ ಹೋದರೂ ಆಸರಿಗೆಂದು ಬೆಲ್ಲ ಹಾಕಿದ ಕಷಾಯ. ಐದು ತಿಂಗಳಾದ ಸೊಸೆ ಜಗಲಿಗೆ ಕಾಲಿಟ್ಟರೆ ನೆರೆಮನೆಯ ಹಿರಿಯಳು ಮುಚ್ಚಿದ ತಟ್ಟೆ ಹಿಡಿದು ಬರುತ್ತಾಳೆ. ಬೇಡವೆಂದರೆ "ಎಂತದೂ ಆಗ್ತಿಲ್ಲೆ, ಒಂದು ತಿನ್ನು ಕೂಸೆ" ಎನ್ನುತ್ತಾಳೆ. ಆ ಮಾತಿನಲ್ಲಿ ಪ್ರೀತಿಯ ಹೊರತು ಬೇರೇನೂ ಇಲ್ಲ. ಅದಕ್ಕಾಗಿಯೇ ಅದನ್ನು ಮೀರುವುದು ಕಷ್ಟ.

ಇಂಥ ಮನೆಗೆ ಒಂದು ದಿನ ಆಸ್ಪತ್ರೆಯಿಂದ ಚೀಟಿ ಬರುತ್ತದೆ: ಗರ್ಭಕಾಲದ ಮಧುಮೇಹ. ಪೇಟೆಯ ಮನೆಗಳಲ್ಲಿಯೂ ಈ ಚೀಟಿ ಈಗ ಅಪರೂಪವಲ್ಲ. ಬಸುರಿ ಅಳುತ್ತಾಳೆ, ಮನೆಯವರಲ್ಲಿ ಅರ್ಧ ಜನ ಹೆದರುತ್ತಾರೆ, ಅರ್ಧ ಜನ ನಂಬುವುದಿಲ್ಲ. ನಾನು ವೈದ್ಯಳಲ್ಲ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಆದರೆ ಕಲಿಸಿದ ಹುಡುಗಿಯರು ತಾಯಂದಿರಾಗುವ ಕಾಲಕ್ಕೆ ಬಂದು ಕೇಳುತ್ತಾರೆ. ಅವರಿಗೆ ಹೇಳುವುದಕ್ಕಾಗಿ ಓದಿ, ವೈದ್ಯರನ್ನು ಕೇಳಿ ತಿಳಿದುದನ್ನು ನಿಮ್ಮ ಮುಂದೆಯೂ ಇಡುತ್ತೇನೆ.

ಮೊದಲು ರೋಗದ ಹೆಸರು. ಮಿಹ್ ಧಾತುವಿಗೆ ಸುರಿಸುವುದೆಂದು ಅರ್ಥ. ಜೇನಿನಂಥ ಸಿಹಿಮೂತ್ರ ಹೋಗುವುದು ಮಧುಮೇಹ. ಇದೇನು ಹೊಸ ಕಾಲದ ರೋಗವೇ ಎಂದು ಕೇಳುವವರಿದ್ದಾರೆ, ಅಲ್ಲ. ಬಸುರಿನಲ್ಲಿ ಕಾಣಿಸಿಕೊಂಡು ಹೆರಿಗೆಯೊಡನೆ ಮರೆಯಾದ ಮಧುಮೇಹವನ್ನು 1824ರಲ್ಲಿಯೇ ಬರ್ಲಿನ್ನಿನ ಬೆನ್ನೆವಿಟ್ಸ್ ಎಂಬಾತ ತನ್ನ ಪ್ರಬಂಧದಲ್ಲಿ ದಾಖಲು ಮಾಡಿದ್ದಾನೆ. ಆ ತಾಯಿಗೆ ಅದು ಐದನೆಯ ಬಸುರು. ಮಗು ಹನ್ನೆರಡು ಪೌಂಡು ತೂಗಿತ್ತು, ಹೆರಿಗೆಯಲ್ಲಿಯೇ ತೀರಿಕೊಂಡಿತು. ಆಗ ರಕ್ತ ತೆಗೆಸುವುದನ್ನು ಬಿಟ್ಟರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ ಮೇಲೆಯೇ ಮಧುಮೇಹದ ತಾಯಂದಿರಿಗೆ ಬದುಕುವ ದಾರಿ ತೆರೆಯಿತು.

ಈ ಸಕ್ಕರೆ ಏರುವುದೇಕೆ? ಮಗುವಿನ ಜೊತೆ ಬಸಿರಿನಲ್ಲಿ ಇನ್ನೊಂದು ವಸ್ತುವೂ ಬೆಳೆಯುತ್ತದೆ, ಅದೇ ಮಾಸು. ಹೆರಿಗೆಯಾದ ಮೇಲೆ ಹೊರಬೀಳುವ ಅದನ್ನು ನಾವು ಹೂತು ಮರೆಯುತ್ತೇವೆ. ಆದರೆ ಒಂಬತ್ತು ತಿಂಗಳು ತಾಯಿ ಮಗುವಿನ ನಡುವಿನ ಕೊಡುಕೊಳ್ಳುವಿಕೆಯೆಲ್ಲ ಅದರ ಮೂಲಕವೇ ನಡೆಯುತ್ತದೆ. ಈ ಮಾಸಿನಿಂದ ಕೆಲವು ರಸಗಳು ತಾಯಿಯ ರಕ್ತಕ್ಕೆ ಸೇರಿ, ಅವಳ ಮೈಯಲ್ಲಿ ಇನ್ಸುಲಿನ್ನಿನ ಕೆಲಸವನ್ನು ಬೇಕೆಂದೇ ಮಂದ ಮಾಡುತ್ತವೆ. ಉದ್ದೇಶ ಒಳ್ಳೆಯದೇ: ಊಟವಾದ ಮೇಲೆ ಸಕ್ಕರೆ ರಕ್ತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತು ಮಗುವಿಗೂ ದೊರೆಯಲಿ ಎಂದು. ಅದಕ್ಕೆ ಸರಿಯಾಗಿ ತಾಯಿಯ ಮೇದೋಜೀರಕ ಗ್ರಂಥಿ ಎರಡು ಮೂರು ಪಟ್ಟು ಇನ್ಸುಲಿನ್ ಸುರಿಸಬೇಕಾಗುತ್ತದೆ. ಹೆಚ್ಚಿನವರಲ್ಲಿ ಸುರಿಸುತ್ತದೆ. ಕೆಲವರಲ್ಲಿ ಸಾಲದೆ ಹೋಗುತ್ತದೆ. ತಂದೆತಾಯಿಗಳಿಗೆ ಸಕ್ಕರೆ ಕಾಯಿಲೆ ಇದ್ದರೆ, ಮೈತೂಕ ಹೆಚ್ಚಿದ್ದರೆ, ವಯಸ್ಸು ಮೀರಿದ್ದರೆ ಸಾಲದಿರುವ ಸಂಭವ ಹೆಚ್ಚು. ಆದರೆ ಇವು ಯಾವುವೂ ಇಲ್ಲದ ತೆಳ್ಳನೆಯ ಇಪ್ಪತ್ತೆರಡರ ಹುಡುಗಿಗೂ ಬರುವುದುಂಟು. ಭಾರತದ ಹೆಂಗಸರಲ್ಲಿ ಈ ಪ್ರವೃತ್ತಿ ಯೂರೋಪಿನವರಿಗಿಂತ ಹೆಚ್ಚು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ತೊಡೆದೇವು ತಿಂದುದರಿಂದ ಈ ಕಾಯಿಲೆ ಬಂತು ಎನ್ನುವುದು ಸರಿಯಲ್ಲ. ಕಾಯಿಲೆಗೆ ಕಾರಣ ಮಾಸಿನ ರಸ ಮತ್ತು ಸೋತ ಗ್ರಂಥಿ. ಕಾಯಿಲೆ ಕಂಡ ಮೇಲೆ ಸಿಹಿ ತಿಂದರೆ ಸಕ್ಕರೆ ಏರುತ್ತದೆ ಎಂಬುದು ಬೇರೆ ಮಾತು. ಈ ಎರಡು ಮಾತುಗಳನ್ನು ಒಂದರೊಳಗೊಂದು ಸೇರಿಸಿ, "ಬಾಯಿ ಕಟ್ಟಲಿಲ್ಲ, ಅನುಭವಿಸು" ಎಂದು ಬಸುರಿಯನ್ನು ಆಡಿಕೊಳ್ಳುವವರನ್ನು ಕಂಡಿದ್ದೇನೆ. ಅವರಿಗೆ ಶಾಸ್ತ್ರವೂ ತಿಳಿಯದು, ದಯೆಯೂ ತಿಳಿಯದು.

ಮಗುವಿಗೇನಾಗುತ್ತದೆ? ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿನ ಕಡೆಗೆ ಹೋಗುತ್ತದೆ; ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬೇಡದ ಸಕ್ಕರೆ ಬಂದು ಬೀಳತೊಡಗಿದಾಗ ಮಗು ತನ್ನ ಪುಟ್ಟ ಗ್ರಂಥಿಯಿಂದಲೇ ಇನ್ಸುಲಿನ್ ಸುರಿಸಿ ಅದನ್ನು ಕೊಬ್ಬಾಗಿ ಕೂಡಿಡುತ್ತದೆ. ಕೋಪನ್‌ಹೇಗನ್ನಿನ ಪೆಡರ್ಸನ್ ಎಂಬ ವೈದ್ಯರು 1950ರ ದಶಕದಲ್ಲಿ ಹೀಗೆಂದು ವಿವರಿಸಿದರು. ಮಗು ದಪ್ಪವಾಗಿ ಹೆಗಲು ಸಿಕ್ಕಿಕೊಳ್ಳಬಹುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯ ಸಕ್ಕರೆ ನಿಂತು, ಮಗುವಿನ ಇನ್ಸುಲಿನ್ ಮಾತ್ರ ಹಾಗೆಯೇ ಉಳಿದು, ಅದರ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ತೀರ ಏರಿದ ಸಕ್ಕರೆಯನ್ನು ನೋಡಿಕೊಳ್ಳದೆ ಬಿಟ್ಟರೆ ಮಗು ಹೊಟ್ಟೆಯಲ್ಲಿಯೇ ತೀರಿಹೋಗುವ ಭಯವೂ ಉಂಟು. ಗುಂಡುಗುಂಡಾದ ಮಗುವನ್ನು ಕಂಡು ಹಿಗ್ಗುವ ನಮ್ಮ ಅಭ್ಯಾಸ ಎಲ್ಲ ಸಲವೂ ಸರಿಯಲ್ಲವೆಂದು ಇದರಿಂದ ತಿಳಿಯುತ್ತದೆ.

ಹೆದರಿಸಿ ಬಿಡುವುದು ನನ್ನ ಉದ್ದೇಶವಲ್ಲ. ಆಸ್ಟ್ರೇಲಿಯಾದಲ್ಲಿ ಸಾವಿರ ಬಸುರಿಯರನ್ನು ಎರಡು ಗುಂಪು ಮಾಡಿ ನೋಡಿದ ಪರೀಕ್ಷೆಯೊಂದರ ಫಲ 2005ರಲ್ಲಿ ಪ್ರಕಟವಾಯಿತು. ಎಂದಿನ ಆರೈಕೆಯ ಗುಂಪಿನಲ್ಲಿ ಮಗುವಿಗೆ ಗಂಭೀರ ತೊಂದರೆಯಾದದ್ದು ನೂರಕ್ಕೆ 4. ಪಥ್ಯ, ಸಕ್ಕರೆ ತಪಾಸಣೆ, ಬೇಕಾದವರಿಗೆ ಇನ್ಸುಲಿನ್ ಕೊಟ್ಟ ಗುಂಪಿನಲ್ಲಿ ನೂರಕ್ಕೆ 1. ಅದರ ಜೊತೆಗೆ ಇನ್ನೊಂದು ಸಂಗತಿಯೂ ಹೊರಬಿತ್ತು. ಹೆರಿಗೆಯಾಗಿ ಮೂರು ತಿಂಗಳ ಮೇಲೆ ವಿಚಾರಿಸಿದಾಗ, ಚಿಕಿತ್ಸೆ ಪಡೆದ ತಾಯಂದಿರಲ್ಲಿ ಮನಸ್ಸು ಕುಗ್ಗಿದವರು ಮತ್ತೊಂದು ಗುಂಪಿನವರ ಅರ್ಧದಷ್ಟು ಮಾತ್ರವೇ ಇದ್ದರು. ಪಥ್ಯವೂ ಸೂಜಿಯೂ ಹೆಂಗಸಿನ ಮನಸ್ಸನ್ನು ಹಿಂಡುತ್ತವೆ, ಹೇಳದೆ ಇರುವುದೇ ಮೇಲು ಎಂದು ವಾದಿಸುವ ಗಂಡಂದಿರಿಗೆ ನಾನು ಈ ಸಂಗತಿಯನ್ನು ಹೇಳುವುದುಂಟು.

ಪರೀಕ್ಷೆಯ ವಿಷಯ ಸುಲಭ. ಮದರಾಸಿನ ಡಾ. ವಿ. ಶೇಷಯ್ಯನವರು ಮತ್ತು ಅವರ ಸಂಗಡಿಗರು ನಮ್ಮ ದೇಶಕ್ಕೆ ಹೊಂದುವ ರೀತಿಯೊಂದನ್ನು ಬಳಕೆಗೆ ತಂದರು. ಅವರ ಹುಟ್ಟಿದ ದಿನವಾದ ಮಾರ್ಚ್ 10ನ್ನು ಗರ್ಭಕಾಲದ ಮಧುಮೇಹದ ಅರಿವಿನ ದಿನವೆಂದು ಆಚರಿಸುತ್ತಾರೆ. ಬರಿಹೊಟ್ಟೆಯಲ್ಲಿ ಬರಬೇಕೆಂಬ ಕಟ್ಟಳೆ ಇದರಲ್ಲಿಲ್ಲ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಐದು ಹತ್ತು ನಿಮಿಷದಲ್ಲಿ ಕುಡಿದು, ಎರಡು ಗಂಟೆಯ ಮೇಲೆ ರಕ್ತ ಕೊಟ್ಟರಾಯಿತು. 140 ಅಥವಾ ಹೆಚ್ಚು ಬಂದರೆ ಕಾಯಿಲೆ ಉಂಟೆಂದು ಲೆಕ್ಕ. ಹೊರದೇಶಗಳಲ್ಲಿ ಬರಿಹೊಟ್ಟೆಯ ಲೆಕ್ಕವೂ ಸೇರಿದ ಬೇರೆ ಕ್ರಮಗಳಿವೆ. ಆದರೆ ತೋಟದ ಮನೆಯಿಂದ ರಸ್ತೆಗೆ ನಡೆದು, ಬಸ್ಸು ಹಿಡಿದು ಶಿರಸಿಗೆ ಬರುವ ಬಸುರಿಯನ್ನು ಉಪವಾಸ ಕೂರಿಸುವುದು ಆಗದ ಮಾತು. ಭಾರತ ಸರಕಾರ 2014ರಲ್ಲಿ ಈ ಬಗೆಗೆ ಸೂಚನೆಗಳನ್ನು ಹೊರಡಿಸಿ 2018ರಲ್ಲಿ ಪರಿಷ್ಕರಿಸಿತು: ಬಸುರಿ ಮೊದಲ ಸಲ ತಪಾಸಣೆಗೆ ಬಂದಾಗ ಒಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ. ಮೊದಲನೆಯದರಲ್ಲಿ ಸರಿಯಿತ್ತೆಂದು ಎರಡನೆಯದನ್ನು ಬಿಡಬಾರದು. ಮಾಸು ಬಲಿತು ರಸ ಹೆಚ್ಚುವುದೇ ಆ ಹೊತ್ತಿಗೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಿಸಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಎಂದು ಎಂಬುದನ್ನು ಹೇಳುತ್ತಾಳೆ. ಪರೀಕ್ಷೆಯ ಫಲವನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳುವುದನ್ನು ಮರೆಯಬೇಡಿ.

ಇನ್ನು ಮನಸ್ಸಿನ ವಿಚಾರಕ್ಕೆ ಬರೋಣ. ನಮ್ಮ ಶಾಲೆಯಲ್ಲಿ ಓದಿ ಹುಲಗೋಳದ ಕಡೆಗೆ ಮದುವೆಯಾಗಿ ಹೋದ ಹುಡುಗಿಯೊಬ್ಬಳು. ಹೆಸರು ಹಾಕದೆ ಬರೆಯಿರಿ ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಏಳನೆಯ ತಿಂಗಳ ಹೊತ್ತಿಗೆ ಅವಳಿಗೆ ಈ ಕಾಯಿಲೆ ಕಂಡಿತು. ಗಂಡ ಬೆರಳು ಚುಚ್ಚಿ ನೋಡುವ ಸಣ್ಣ ಯಂತ್ರ ತಂದುಕೊಟ್ಟ. ವೈದ್ಯರು ಒಂದು ಪಟ್ಟಿಯಲ್ಲಿ ದಿನದಿನದ ಅಂಕಿ ಬರೆಯಲು ಹೇಳಿದರು. ಬೆಳಗ್ಗೆ ಬರಿಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು. ಕ್ಲಾಸಿನಲ್ಲಿ ಮೊದಲಿಗಳಾಗಿದ್ದ ಹುಡುಗಿ ಅವಳು. ಒಂದು ದಿನ ಅಂಕಿ 168 ಬಂತು. ಪಟ್ಟಿಯಲ್ಲಿ 118 ಎಂದು ಬರೆದಳು. ಮತ್ತೊಂದು ದಿನ ಹಾಗೆಯೇ. ಹದಿನೈದು ದಿನದಲ್ಲಿ ಪಟ್ಟಿ ಚೆಂದವಾಯಿತು, ವೈದ್ಯರು ಮೆಚ್ಚಿದರು, ಔಷಧವೇನೂ ಬೇಡವೆಂದು ಕಳಿಸಿದರು. ಅಂದು ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

"ಅಕ್ಕೋರೇ, ಅಂಕಿ ಕಂಡರೆ ನಾಪಾಸಾದ ಹಾಗೆ ಆಗುತ್ತದೆ" ಎಂದು ಫೋನಿನಲ್ಲಿ ಅತ್ತಳು. ಮನೆಯಲ್ಲಿ ಅತ್ತೆಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ, ಹುಟ್ಟುವ ಮಗುವಿಗೆ ತಾಯಿಯೇ ವಿಷವಿಟ್ಟಂತಾಯಿತೆಂದು ಆಡಿಕೊಳ್ಳುತ್ತಾರೋ ಎಂಬ ಭಯ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವಳು ನಾನು. ಆ ಅಂಕಿಗೂ ಈ ಅಂಕಿಗೂ ಸಂಬಂಧವಿಲ್ಲವೆಂದು ಹೇಳುವ ಅಧಿಕಾರ ನನಗುಂಟು. ಯಂತ್ರದ ಅಂಕಿ ಪರೀಕ್ಷೆಯ ಗುಣವಲ್ಲ, ಹಾಜರಿ ಪುಸ್ತಕ. ಇಂದು ಯಾರು ಬಂದಿದ್ದಾರೆ ಯಾರು ಬಂದಿಲ್ಲ ಎಂದು ತಿಳಿಸುವುದಷ್ಟೆ ಅದರ ಕೆಲಸ. ಬಾರದವನನ್ನು ಬಂದನೆಂದು ಬರೆದರೆ ಹುಡುಕಲು ಹೋಗುವವರು ಯಾರು? ಹೆಚ್ಚು ಬಂದ ಅಂಕಿಯ ಪಕ್ಕದಲ್ಲಿ ಏನು ತಿಂದೆ, ಎಷ್ಟು ಹೊತ್ತಿಗೆ, ನಿದ್ದೆ ಆಗಿತ್ತೇ ಎಂದು ಒಂದು ಸಾಲು ಬರೆದರೆ ವೈದ್ಯರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಎಷ್ಟೋ ಸಲ ತಪ್ಪೇನೂ ಇರುವುದೇ ಇಲ್ಲ. ವಾರ ಬೆಳೆದಂತೆ ಮಾಸಿನ ಒತ್ತಡ ಬೆಳೆಯುತ್ತದೆ. ಮೊನ್ನೆ ಸರಿಹೋಗುತ್ತಿದ್ದ ಊಟಕ್ಕೇ ಇಂದು ಅಂಕಿ ಏರುತ್ತದೆ.

ಅವಳು ಮರುದಿನ ಅತ್ತೆಗೆ ಹೇಳಿದಳು. ಆ ಹಿರಿಯಳು ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, ತನಗೆ ಮೊದಲು ಹುಟ್ಟಿದ್ದು ನಾಲ್ಕೂವರೆ ಕಿಲೋ ತೂಕದ ಗಂಡುಮಗು, ಹುಟ್ಟಿದ ದಿನವೇ ಹೋಯಿತು, ಏಕೆಂದು ಯಾರೂ ಹೇಳಲಿಲ್ಲ ಎಂದಳು. ಆ ಮಗು ಹೋದದ್ದು ಇದೇ ಕಾರಣಕ್ಕೆ ಎಂದು ಈಗ ಯಾರೂ ಹೇಳಲಾರರು. ವೈದ್ಯರೂ ಹಾಗೆಯೇ ಅಂದರು. ಆದರೆ ಆ ದಿನದಿಂದ ತಟ್ಟೆ ಹಿಡಿದು ಬರುವ ನೆರೆಹೊರೆಯವರಿಗೆ ಉತ್ತರ ಹೇಳುವ ಕೆಲಸ ಸೊಸೆಗೆ ಉಳಿಯಲಿಲ್ಲ. ಜಗಲಿಯಲ್ಲಿಯೇ ಅತ್ತೆ ಅದನ್ನು ತೆಗೆದುಕೊಂಡು ಒಳಗಿಡುತ್ತಿದ್ದಳು. ಸರಿಯಾದ ಪಟ್ಟಿ ನೋಡಿದ ವೈದ್ಯರು ಇನ್ಸುಲಿನ್ ಶುರುಮಾಡಿದರು. ಮಗು ಮೂರು ಕಿಲೋದ ಸುತ್ತ ಹುಟ್ಟಿತು, ಹೆಣ್ಣು.

ಮನೆಯವರಿಗೆ ಹೇಳುವುದು ಮೊದಲ ಔಷಧವೆಂದು ನಾನು ತಿಳಿದಿದ್ದೇನೆ. ಒಬ್ಬಳಿಗೇ ಬೇರೆ ಅಡಿಗೆ ಮಾಡಿ ಮೂಲೆಯಲ್ಲಿ ಬಡಿಸಿದರೆ ಪಥ್ಯ ಶಿಕ್ಷೆಯಾಗುತ್ತದೆ. ಮನೆಯ ಊಟವೇ ಸ್ವಲ್ಪ ತಿರುಗಿದರೆ ಅದು ಊಟವೇ ಆಗಿ ಉಳಿಯುತ್ತದೆ. ಸೀಮಂತದ ದಿನ ಬಸುರಿಯ ಎಲೆಗೆ ಸಿಹಿ ಬಡಿಸಬೇಕೆಂಬ ಶಾಸ್ತ್ರಕ್ಕೆ ಒಂದು ಚಿಟಿಕೆ ಸಾಕು. ಬಯಕೆಯೆಂದರೆ ತಿನ್ನುವ ಬಯಕೆಯೇ ಆಗಬೇಕೆಂದು ಯಾರು ಹೇಳಿದರು? ಬಸುರಿ ಸೀತೆ ಬಯಸಿದ್ದು ಗಂಗೆಯ ತೀರದ ಆಶ್ರಮಗಳನ್ನು ಮತ್ತೊಮ್ಮೆ ನೋಡಬೇಕೆಂದು. ಅದರ ಮುಂದಿನ ಕತೆ ಬೇರೆ, ಅದರಲ್ಲಿ ಬಯಕೆಯ ತಪ್ಪೇನೂ ಇಲ್ಲ. ತವರಿಗೆ ಹೋಗಿ ಬರುವುದು, ಹಳೆಯ ಗೆಳತಿ ನಾಲ್ಕು ದಿನ ಬಂದಿರುವುದು, ಮಧ್ಯಾಹ್ನ ಒಂದು ಗಂಟೆ ಯಾರೂ ಕರೆಯದೆ ಮಲಗುವುದು, ಇವೂ ಬಯಕೆಗಳೇ. ಕೇಳಿ ನೋಡಿ. ಆದರೂ ದಿನಗಟ್ಟಲೆ ಅಳು, ನಿದ್ದೆಯಿಲ್ಲದಿರುವುದು, ಯಾವುದರಲ್ಲಿಯೂ ಮನಸ್ಸಿಲ್ಲದಿರುವುದು ಎರಡು ವಾರ ಮೀರಿದರೆ ಬಸುರಿನ ಸಹಜವೆಂದು ತಳ್ಳಿಹಾಕದೆ ವೈದ್ಯರಿಗೆ ಹೇಳಬೇಕು. ಮಗುವಿನ ಎಣಿಕೆಯಷ್ಟೇ ಅದೂ ಮುಖ್ಯ.

ಊಟದ ಮಾತಿಗೆ ಬಂದರೆ, ಅನ್ನ ಬಿಡಬೇಕೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ಬಿಡಬೇಕಿಲ್ಲ. ಒಮ್ಮೆಗೇ ರಾಶಿ ಅನ್ನ ಬೇಡ. ದಿನಕ್ಕೆ ಮೂರು ಊಟ, ನಡುನಡುವೆ ಎರಡು ಮೂರು ಸಣ್ಣ ತಿಂಡಿ, ಹೀಗೆ ಹಂಚಿದರೆ ಸೋತ ಗ್ರಂಥಿಗೆ ಹೊರೆ ಇಳಿಯುತ್ತದೆ. ತಟ್ಟೆಯಲ್ಲಿ ಅರ್ಧ ತರಕಾರಿ ಸೊಪ್ಪು, ಕಾಲು ಭಾಗ ಬೇಳೆಕಾಳು, ಉಳಿದ ಕಾಲು ಭಾಗ ಅನ್ನ ಎಂದುಕೊಳ್ಳಿ. ನಮ್ಮ ಸೀಮೆಯ ಅಡಿಗೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ, ಬಸಳೆ, ಹರಿವೆ, ಹೆಸರುಕಾಳು, ಮಜ್ಜಿಗೆ, ಇವುಗಳ ನಡುವೆ ಅನ್ನ ಸಣ್ಣದಾದರೆ ಹೊಟ್ಟೆಗೆ ತಿಳಿಯುವುದೇ ಇಲ್ಲ. ಆದರೆ ತೆಳ್ಳೇವು ತೆಳ್ಳಗಿದೆಯೆಂದು ಎಂಟು ತಿಂದರೆ ಎಂಟರ ಅಕ್ಕಿಯೂ ಹೊಟ್ಟೆಗೆ ಸೇರಿತು. ಗಂಜಿ ಹಗುರವೆಂಬ ಮಾತು ಜ್ವರಕ್ಕೆ ಸರಿ, ಇಲ್ಲಿ ಅಲ್ಲ. ನುಣ್ಣಗೆ ಬೆಂದ ಅಕ್ಕಿ ಬೇಗ ಸಕ್ಕರೆಯಾಗುತ್ತದೆ. ರಾಗಿಯಾದರೆ ಎಷ್ಟು ತಿಂದರೂ ಆದೀತೆಂಬ ನಂಬಿಕೆ ಪೇಟೆಯಲ್ಲಿ ಹಬ್ಬಿದೆ, ಅದೂ ತಪ್ಪು. ಅದರಲ್ಲಿಯೂ ಪಿಷ್ಟವೇ ಹೆಚ್ಚು. ಅಳತೆ ಅದಕ್ಕೂ ಬೇಕು.

ಜೋನಿಬೆಲ್ಲ ಸಕ್ಕರೆಯಲ್ಲ, ಜೇನು ಔಷಧ, ಎಂದು ವಾದಿಸುವ ಹಿರಿಯರು ಪ್ರತಿ ಮನೆಯಲ್ಲಿಯೂ ಇದ್ದಾರೆ. ರಕ್ತಕ್ಕೆ ಸೇರಿದ ಮೇಲೆ ಮೂರರ ಗತಿಯೂ ಒಂದೇ. ಕಷಾಯವನ್ನು ಬೆಲ್ಲವಿಲ್ಲದೆ ಹಾಲು ಹಾಕಿ ಕುಡಿಯಬಹುದು, ಮುರುಗಲ ನೀರನ್ನು ಉಪ್ಪು ಜೀರಿಗೆ ಹಾಕಿ ಕುಡಿಯಬಹುದು. ಪೇರಲೆಯಂಥ ಹಣ್ಣನ್ನು ಕಚ್ಚಿ ತಿನ್ನಬೇಕು, ರಸ ಹಿಂಡಿ ಕುಡಿಯಬಾರದು. ಹಾಗಲಕಾಯಿ ಪಲ್ಯವಾಗಿ ಊಟದಲ್ಲಿರಲಿ. ಬಸುರಿನಲ್ಲಿ ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿಸುವ ಸಾಹಸ ಬೇಡ. ಇನ್ನು ಏಕಾದಶಿ, ಸಂಕಷ್ಟಿಗಳ ಉಪವಾಸ. ಅಂಕಿ ಇಳಿಯುತ್ತದೆಂದು ಉಪವಾಸ ಮಾಡುವವರೂ ಇದ್ದಾರೆ. ಹಸಿದ ಮೈ ಕೊಬ್ಬನ್ನು ಕರಗಿಸತೊಡಗಿದರೆ ಹುಟ್ಟುವ ವಸ್ತುಗಳು ಮಗುವಿಗೆ ಒಳ್ಳೆಯವಲ್ಲ. ದೇವರು ಹತ್ತು ತಿಂಗಳ ರಜೆ ಕೊಡುತ್ತಾನೆ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಅಂಕಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಮಳೆಗಾಲದಲ್ಲಿ ಜಾರುವ ಹಾದಿಯೂ ಉಂಬಳವೂ ಬೇಡ, ಜಗಲಿಯ ಉದ್ದಕ್ಕೂ ತಿರುಗಿದರೆ ಸಾಕು. ವೈದ್ಯರು ಬೇಡವೆಂದವರು ಮಾತ್ರ ನಡೆಯಬಾರದು.

ಎರಡು ವಾರ ಪಥ್ಯ ಮಾಡಿಯೂ ಅಂಕಿ 120ರ ಒಳಗೆ ಬಾರದಿದ್ದರೆ ಔಷಧ ಬೇಕಾಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯೋ ಇನ್ಸುಲಿನ್ನೋ ವೈದ್ಯರು ನಿರ್ಧರಿಸುತ್ತಾರೆ. ಇನ್ಸುಲಿನ್ ಒಮ್ಮೆ ಹತ್ತಿದರೆ ಜೀವಮಾನ ಬಿಡದು ಎಂದು ಹೆದರುವವರಿಗೆ ಹೇಳಬೇಕಾದದ್ದಿಷ್ಟೆ: ಮಾಸು ಹೊರಬಿದ್ದೊಡನೆ ಹೆಚ್ಚಿನವರಿಗೆ ಅದೂ ನಿಲ್ಲುತ್ತದೆ. ಅದು ಮಗುವಿಗೆ ದಾಟುವುದಿಲ್ಲವಾದುದರಿಂದ ಬಸುರಿನಲ್ಲಿ ಅದರಷ್ಟು ನೆಚ್ಚಬಹುದಾದ ಔಷಧ ಬೇರೆ ಇಲ್ಲ. ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಕೊಡುವ ಸಣ್ಣ ಸೂಜಿ. ನೋವು ಬೆರಳು ಚುಚ್ಚಿದಷ್ಟೂ ಇಲ್ಲವೆಂದು ಕೊಟ್ಟುಕೊಂಡವರು ಹೇಳುತ್ತಾರೆ. ಅದನ್ನು ಫ್ರಿಜ್ಜಿನ ಬಾಗಿಲಲ್ಲಿಡಬೇಕು, ಹೆಪ್ಪುಗಟ್ಟುವ ಖಾನೆಯಲ್ಲಿ ಅಲ್ಲ. ಮಳೆಗಾಳಿಗೆ ಎರಡು ದಿನ ಕರೆಂಟು ಹೋಗುವ ಊರುಗಳಲ್ಲಿ ನೀರು ತುಂಬಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಕಾಪಾಡಬಹುದು. ಸೂಜಿ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ, ತಲೆ ಹಗುರಾಗುವುದು ಆಗುತ್ತದೆ. ಆಗ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ ಮಲಗಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಸಿ ವೈದ್ಯರಿಗೆ ತಿಳಿಸಬೇಕು. ಎಚ್ಚರ ತಪ್ಪಿದವಳ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಆ ಪುಡಿಯ ಪೊಟ್ಟಣ ಎಲ್ಲಿದೆ ಎಂದು ಮನೆಯ ಮಕ್ಕಳಿಗೂ ತಿಳಿದಿರಲಿ.

ಕೊನೆಯ ತಿಂಗಳುಗಳಲ್ಲಿ ಮಗುವಿನ ಒದೆತ ಎಣಿಸುವ ಅಭ್ಯಾಸವಿರಲಿ. ಊಟವಾದ ಮೇಲೆ ಮಗ್ಗುಲಾಗಿ ಮಲಗಿ ಎಣಿಸಿದರೆ ಎರಡು ಗಂಟೆಯೊಳಗೆ ಹತ್ತು ಆಗಬೇಕು. ಆಗದಿದ್ದರೆ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಹೆರಿಗೆ ಎಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಸಕ್ಕರೆ ನೋಡುವ ಅನುಕೂಲ, ಬೇಕಾದರೆ ಶಸ್ತ್ರಕ್ರಿಯೆ ಮಾಡುವ ಅನುಕೂಲ ಅಲ್ಲಿರಬೇಕು. ಸಕ್ಕರೆ ಕಾಯಿಲೆ ಎಂದೊಡನೆ ಹೊಟ್ಟೆ ಕುಯ್ಯಲೇಬೇಕೆಂದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು ಕೊಡಿಸಿ. ಗಿಣ್ಣಿನಂಥ ಆ ಮೊದಲ ಹಾಲನ್ನು ಹಿಂಡಿ ಚೆಲ್ಲಿ ಜೇನು ನೆಕ್ಕಿಸುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಈ ಮಗುವಿನ ವಿಷಯದಲ್ಲಿ ಅದು ಎರಡು ಪಟ್ಟು ಕೆಟ್ಟದ್ದು.

ಹೆರಿಗೆಯಾಯಿತು, ಅಂಕಿ ಇಳಿಯಿತು, ಯಂತ್ರ ಕಪಾಟು ಸೇರಿತು. ಎಲ್ಲರೂ ಮರೆಯುವುದು ಇಲ್ಲಿಯೇ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಊರವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು ಆರು ಮಂದಿಗೆ ಈ ಕಾಯಿಲೆ ಕಂಡಿತು. ಅಲ್ಲಿಗೇ ಬಿಡದೆ ಡಾ. ಜಿ. ವಿ. ಕೃಷ್ಣವೇಣಿ ಮತ್ತು ಅವರ ಸಂಗಡಿಗರು ಆ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಐದು ವರ್ಷದ ಮೇಲೆ ನೋಡಿದರೆ, ಕಾಯಿಲೆ ಕಂಡಿದ್ದ ತಾಯಂದಿರಲ್ಲಿ ನೂರಕ್ಕೆ 37 ಮಂದಿಗೆ ಮಧುಮೇಹ ನಿಂತುಬಿಟ್ಟಿತ್ತು. ಉಳಿದವರಲ್ಲಿ ನೂರಕ್ಕೆ 2. ಆ ತಾಯಂದಿರ ಮಕ್ಕಳಲ್ಲಿಯೂ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಾಗಿ ಕಂಡಿತು. ಇದು ಬೇರೆ ದೇಶದ ಲೆಕ್ಕವಲ್ಲ, ನಮ್ಮ ಮೈಸೂರಿನದು. ಈಚೆಗೆ 2016ರಿಂದ ಬೆಂಗಳೂರಿನ ಸರಕಾರಿ ಆಸ್ಪತ್ರೆಗಳಲ್ಲಿಯೂ ಇಂಥದೇ ಅಧ್ಯಯನವೊಂದು ಹೊರಟಿತು. ಅದರ ಹೆಸರು 'ಮಾಸ್ತಿ'. ಇಂಗ್ಲಿಷ್ ಮಾತುಗಳ ಮೊದಲಕ್ಷರ ಜೋಡಿಸಿ ಮಾಡಿದ ಹೆಸರಾದರೂ ಕನ್ನಡಿಗರಿಗೆ ನೆನಪಾಗುವವರು ಬೇರೆ ಎಂದು ಹೇಳಬೇಕಿಲ್ಲ.

ಆದುದರಿಂದ ಹೆರಿಗೆಯಾಗಿ ಆರನೆಯ ವಾರಕ್ಕೆ ಮತ್ತೆ ಗ್ಲೂಕೋಸ್ ಕುಡಿದು ಪರೀಕ್ಷೆ ಆಗಬೇಕು. ಈ ಸಲ ಬರಿಹೊಟ್ಟೆಯಲ್ಲಿ. ಬಾಣಂತಿ ಇನ್ನೂ ಬೆಚ್ಚನೆಯ ಕೋಣೆಯಲ್ಲಿ ಇರುವ ಕಾಲ ಅದು. ಹೊರಗೆ ಹೊರಡಿಸಬಾರದೆಂದು ಅಜ್ಜಿಯರು ತಡೆಯುತ್ತಾರೆ. ಮಗುವಿನ ಚುಚ್ಚುಮದ್ದಿಗೆ ಆರನೆಯ ವಾರಕ್ಕೆ ಹೇಗೂ ಆಸ್ಪತ್ರೆಗೆ ಹೋಗಬೇಕು. ಅದೇ ದಿನ ತಾಯಿಯದೂ ಆಗಲಿ. ಬಾಣಂತನದ ಉಂಡೆ, ತುಪ್ಪಗಳನ್ನು ಅಳತೆಗೆ ತನ್ನಿ. ಮೊಲೆಯೂಡುವುದನ್ನು ಆದಷ್ಟು ಕಾಲ ಮುಂದುವರಿಸಿದರೆ ತಾಯಿಗೂ ಲಾಭ. ಆಮೇಲೆ ವರ್ಷಕ್ಕೊಮ್ಮೆ ಸಕ್ಕರೆ ನೋಡಿಸಿಕೊಳ್ಳಬೇಕು. ದಿನ ಮರೆಯುವವರು ಮಗುವಿನ ಹುಟ್ಟುಹಬ್ಬದ ತಿಂಗಳಿಗೆ ಅದನ್ನು ಗಂಟುಹಾಕಲಿ. ಇನ್ನೊಂದು ಬಸುರು ನಿಂತರೆ, ಮೊದಲ ತಪಾಸಣೆಯಲ್ಲಿ ವೈದ್ಯರು ಕೇಳುವುದಕ್ಕೆ ಮುಂಚೆಯೇ ಹಳೆಯ ತಾಯಿ ಕಾರ್ಡನ್ನು ಅವರ ಮೇಜಿನ ಮೇಲಿಡಬೇಕು. ಅದನ್ನು ಈಗಲೇ ಜೋಪಾನವಾಗಿ ತೆಗೆದಿಡಿ.